ಎರಡನೇ ಓಲೆ

ನಮ್ಮ ಸೋದರಮಾವ ಮನುಷ್ಯನಿಗೆ ಎರಡು ಕಣ್ಣಿರುವುದನ್ನು ಒಪ್ಪುವುದಿಲ್ಲ! ಕಿರಂಗೂರಿನಲ್ಲಿ ಬೇಸಾಯ, ಬಿಡುವಾದಾಗ ಚಿತ್ರ. ಶ್ರೀರಂಗಪಟ್ಟಣದ ಹಳೆಯ ಅರಮನೆಯ ಗೋಡೆಚಿತ್ರಗಳೇ ಅವರ ಗುರು. ಅಲ್ಲಿ ಅರಸರು ಪಕ್ಕಕ್ಕೆ ಮುಖ ಮಾಡಿ ಕೂತಿದ್ದಾರೆ, ಚಾಮರ ಬೀಸುವ ಸೇವಕರು ಹಿಂದೆ ಪುಟ್ಟದಾಗಿ ನಿಂತಿದ್ದಾರೆ. ಮಾವನಿಗೆ ಅದೇ ಶಾಸನವಾಯಿತು: ಒಂದು ಕಣ್ಣು, ಒಂದು ಕಿವಿ, ಸೇವಕ ಗಿಡ್ಡ. ನನ್ನನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದದ್ದು ಎತ್ತಿನ ಗಾಡಿಯಲ್ಲಿ ಎಂದು ಬಹಳ ಚೆನ್ನಾಗಿ ನೆನಪಿದೆ. ಅಷ್ಟು ಚೆನ್ನಾಗಿ ನೆನಪಿರುವುದರಿಂದ, ಅದು ಮೊಪೆಡ್ಡೇ ಇರಬೇಕು.

ಪಾಂಡವಪುರದ ಗೆಳೆಯನೊಬ್ಬನ ಗೃಹಪ್ರವೇಶಕ್ಕೆ ಅವನನ್ನೇ ಅರಸನನ್ನಾಗಿ ಬರೆದುಕೊಟ್ಟರು. ಹಿಂದೆ ಚಾಮರ ಹಿಡಿದವರು ಅವನ ಇಬ್ಬರು ತಮ್ಮಂದಿರು, ಸೊಂಟದೆತ್ತರ!

"ಲೇ, ನನ್ನ ಒಕ್ಕಣ್ಣನ್ ಮಾಡ್ಬುಟ್ಟಲ್ಲೋ!" ಎಂದ ಗೆಳೆಯ.

"ಇನ್ನೊಂದು ಆ ಕಡೀಕ್ ಐತೆ ಕಣ್ಲಾ. ಅನುಮಾನ ಇದ್ರೆ ಗೋಡೆ ಹಿಂದಿಂದ ನೋಡ್ಕೊ!"

ತಮ್ಮಂದಿರು ಊಟಕ್ಕೂ ನಿಲ್ಲಲಿಲ್ಲ. ಚಿತ್ರ ಈಗ ಅಟ್ಟದಲ್ಲಿದೆ, ಗೋಡೆಗೆ ಮುಖ ಮಾಡಿ. ಆ ಇನ್ನೊಂದು ಕಣ್ಣು ಈಗಲಾದರೂ ಕಾಣುತ್ತಿದೆಯೋ ಏನೋ!

ಮಾವನ ನಿಜವಾದ ಆಸೆ ಒಂದೇ: ಅತ್ತೆಯ ಚಿತ್ರ ಬರೆಯಬೇಕು. ಅತ್ತೆ ಕೂರಬೇಕಲ್ಲ?

"ನಾನ್ ಕೂತ್ಕಂಡ್ರೆ ಹಾಲು ಕರೆಯೋದ್ಯಾರು, ನಿನ್ ರಾಜನಾ? ಅದೂ ಅಲ್ದೆ ಎಲ್ಡು ಓಲೆ ಹಾಕ್ಕಂಡಿವ್ನಿ. ಎಲ್ಡೂ ಕಾಣಂಗೆ ಬರೀತೀಯಾ?"

ಮಾವ ನನ್ನತ್ತ ತಿರುಗಿದರು. "ಅರಸ್ರಿಗೇ ಇಲ್ದ ಎಲ್ಡನೇ ಕಿವಿ ಇವಳ್ಗೆ ಬೇಕಂತೆ ನೋಡ್ಲಾ!"

ಹೀಗೇ ಮೂವತ್ತು ವರ್ಷ ಕಳೆಯಿತು.

ಈ ವರ್ಷ ಅತ್ತೆಯ ಮಂಡಿಗೆ ಆಪರೇಷನ್ ಆಯಿತು. ನಡೆಯಲೇಬೇಕು ಎಂದರು ಡಾಕ್ಟರು. ಅತ್ತೆ ಮಾತ್ರ ಬಿದ್ದೇನೆಂಬ ಹೆದರಿಕೆಯಲ್ಲಿ ಕುರ್ಚಿ ಹಿಡಿದು ಕೂತುಬಿಟ್ಟರು. ಮೂವತ್ತು ವರ್ಷ 'ಕೂತ್ಕೊ' ಎಂದು ಗೋಗರೆದ ಮಾವ ಈಗ 'ಏಳು' ಎಂದು ಗೋಗರೆಯುತ್ತಿದ್ದರು.

ಮೋಸಂಬಿ ಹಿಡಿದು ನೋಡಲು ಹೋದೆ. ಕೋಣೆಯ ಆಚೆ ತುದಿಯ ಗೋಡೆಯಲ್ಲಿ ಹೊಸ ಚಿತ್ರ. ಸಿಂಹಾಸನದ ಮೇಲೆ ಅತ್ತೆ, ನೇರ ಮುಖ, ಎರಡು ಕಣ್ಣು! ಹಿಂದೆ, ಅವರ ಮೊಣಕೈಯೆತ್ತರಕ್ಕೆ, ಒಂದು ಕೈಯಲ್ಲಿ ಚಾಮರ, ಇನ್ನೊಂದರಲ್ಲಿ ಹಾಲಿನ ಬಕೆಟ್ಟು ಹಿಡಿದ ಗಿಡ್ಡ ಸೇವಕ, ಪಕ್ಕದ ಮುಖ. ನಮ್ಮ ಮಾವ.

"ಮಾವ, ನಿಮ್ಮ ಇನ್ನೊಂದು ಕಣ್ಣು?"

"ಅದೂ ಅವಳ್ ಕಡೀಕೇ ಐತೆ, ಬುಡ್ಲಾ."

ಅತ್ತೆ ಕುರ್ಚಿಯಿಂದಲೇ ಕತ್ತು ಚಾಚಿದರು. "ಎಲ್ಡನೇ ಓಲೆ ಕಾಣ್ತಿಲ್ವಲ್ಲ!"

"ಅಷ್ಟು ದೂರದಿಂದ ಕಾಣಕಿಲ್ಲ, ಇಲ್ಲಿಗ್ ಬಂದ್ ನೋಡು."

ಅತ್ತೆ ಹಿಡಿದಿದ್ದ ಕುರ್ಚಿ ಬಿಟ್ಟರು.

"ಕೈ ಕೊಡು ಮತ್ತೆ."

ಎಂಟು ಹೆಜ್ಜೆ. ಅತ್ತೆ ಗೋಡೆ ಮುಟ್ಟಿ, ಬೆರಳಿಟ್ಟು ಓಲೆ ಎಣಿಸಿದರು. ಹೆಜ್ಜೆ ಎಂಟು ಎಂದು ಬರೆದೆ, ಒಂಬತ್ತೂ ಇರಬಹುದು. ಓಲೆ ಮಾತ್ರ ಎರಡೇ.