ಮಾಸ್ತರರ ಕೈಯಲ್ಲಿ ದಾರದ ಕೋನು

ಹೆಂಡತಿ ತರಹೇಳಿದ್ದು ಬೆರಳುದ್ದದ ಒಂದು ದಾರದ ರೀಲು. ಪ್ರಭಂಜನ ಮಾಸ್ತರರು ಹೊತ್ತು ತಂದದ್ದು ಗುಡಿಯ ಕಳಸದಂಥ ದಾರದ ಕೋನು. ಹುಬ್ಬಳ್ಳಿಯ ಗಿರಣಿಯಲ್ಲಿದ್ದ ಗೆಳೆಯ ಪುಕ್ಕಟೆ ಕೊಟ್ಟರೆ ಬೇಡ ಅನ್ನಲು ಮಾಸ್ತರರಿಗೇನು ಹುಚ್ಚೇ?

“ಇನ್ನ ಜೀವ ಇರೂತನಕ ದಾರ ತರೂ ಚಿಂತಿ ಇಲ್ಲ!” ಎಂದು ಕೋನನ್ನು ಲೀಲಾಬಾಯಿಯ ಮುಂದಿಟ್ಟರು.

“ಚಿಂತಿ ಈಗ ಸುರು ಆತು ನೋಡ್ರಿ. ಹೊಲಿಗಿ ಕೈಮಷಿನ್ನಿನ ಈ ಸಣ್ಣ ಕಡ್ಡಿ ಮ್ಯಾಲ ಈ ಕುಂಬಳಕಾಯಿ ಹ್ಯಾಂಗ ಕೂಡಸ್ಲಿ? ಸಂಜಿ ಗಾಡಿಗೆ ಅಣ್ಣಿಗೇರಿಗೆ ಹೋಗೂದದ. ಹೊಸಾ ಕುಬಸ ಇಲ್ಲದ ತಂಗೀ ಮಗನ ಜವಳಕ್ಕ ನಾ ಹೋಗಾಕಿ ಅಲ್ಲ!”

ಆಕೆ ತವರಿಗೆ ಹೋದರೆ ತಾನೇ ಮಾಸ್ತರರಿಗೆ ಇಸ್ಪೀಟು! ಬಾಜು ಮನೆಯ ಕನಕಪ್ಪ ಎಲೆಗಳ ಕಟ್ಟನ್ನು ಕಿಸೆಗೆ ಹಾಕಿಕೊಂಡು ಆಗಲೇ ಕಟ್ಟೆಯ ಮೇಲೆ ಕಾಯುತ್ತಿದ್ದ. ಕುಬಸ ಆಗದಿದ್ದರೆ ಲೀಲಾಬಾಯಿ ಹೋಗುವುದಿಲ್ಲ, ಆಕೆ ಹೋಗದಿದ್ದರೆ ದಸರಾ ರಜೆಯೆಲ್ಲ ನೀರುಪಾಲು.

ಮೊದಲು ಮಾಸ್ತರರೇ ಕೋನನ್ನು ಕಡ್ಡಿಗೆ ಸಿಕ್ಕಿಸಿದರು. ಮಷಿನ್ನಿನ ಹಿಡಿಕೆ ಒಂದು ಸುತ್ತು ತಿರುಗಿತೋ ಇಲ್ಲವೋ, ಕೋನು ಧುಡುಮ್ಮನೆ ಬಿದ್ದು ಮಂಚದ ಕೆಳಗೆ ಉರುಳಿತು. ಅವರು ತೆವಳಿಕೊಂಡು ಒಳಗೆ ಹೋಗಿ, ತಲೆ ತುಂಬ ಜೇಡರಬಲೆ ಹೊತ್ತು ಹೊರಬಂದರು.

ಸದ್ದು ಕೇಳಿ ಕನಕಪ್ಪನ ಹೆಂಡತಿ ಫಕೀರವ್ವ ಓಡಿ ಬಂದಳು.

“ಅಯ್ಯ, ಇಷ್ಟಕ್ಕ ಯಾಕ ಒದ್ದ್ಯಾಡ್ತೀರಿ? ಬೀಸೂಕಲ್ಲಿನ ಗೂಟಕ್ಕ ಹಾಕ್ರಿ. ನೀವು ಕಲ್ಲು ತಿರುವ್ರಿ, ಬಾಯಾರು ಮಷಿನ್ ತಿರುವಲಿ!”

ಕೋನು ಗೂಟಕ್ಕೆ ಹೇಳಿ ಮಾಡಿಸಿದಂತೆ ಕೂತಿತು. ಆದರೆ ಮಾಸ್ತರರು ಜೋರಾಗಿ ತಿರುವಿದರೆ ದಾರ ಕಲ್ಲಿಗೇ ಸುತ್ತಿಕೊಂಡಿತು, ಮೆಲ್ಲಗೆ ತಿರುವಿದರೆ ಟಪ್ಪನೆ ಹರಿಯಿತು. ಕಲ್ಲಿನಲ್ಲಿ ಉಳಿದಿದ್ದ ಜೋಳದ ಹಿಟ್ಟು ಹಾರಿ ಅವರ ಮೀಸೆ ಬೆಳ್ಳಗಾಯಿತು.

“ಹಂಗಾರ ತೊಟ್ಟಿಲ ಕೊಂಡಿಗೆ ತಲಿಕೆಳಗ ಮಾಡಿ ಜೋತು ಬಿಡ್ರಿ!” ಫಕೀರವ್ವ ಸೋಲುವವಳಲ್ಲ.

ಜೋತು ಬಿಟ್ಟದ್ದೇ ತಡ, ದಾರ ಸುರುಳಿ ಸುರುಳಿಯಾಗಿ ಜಾರಿ ಮಾಸ್ತರರ ಕೊರಳಿಗೆ, ಕಿವಿಗೆ, ಚಸ್ಮಕ್ಕೆ ಸುತ್ತಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಬಿಸಿಲು ಅಂಗಳ ದಾಟಿತ್ತು.

ಕಿಟಕಿಯಲ್ಲಿ ಕನಕಪ್ಪನ ತಲೆ ಕಂಡಿತು. ಬಾಯಿಬಿಟ್ಟು ಕೇಳಲಾರದೆ, ಎಲೆ ಕಲೆಸುವವನಂತೆ ಬೆರಳಾಡಿಸಿದ.

ಲೀಲಾಬಾಯಿ ಆ ಬೆರಳುಗಳನ್ನು ನೋಡಿದಳು. ಮೂಲೆಯಲ್ಲಿದ್ದ ಹಿತ್ತಾಳೆ ತಂಬಿಗೆಯನ್ನು ನೋಡಿದಳು, ಗೋಡೆಯ ಮೊಳೆಯನ್ನು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ ಮೆತ್ತಗೆ ಅಂದಳು: “ಬ್ಯಾರೆ ದಾರೀನ ಇಲ್ಲರಿ. ನನ್ನ ಹಿಂದ ನಿಂತು ಕೋನು ಎತ್ತಿ ಹಿಡೀರಿ. ಅಳ್ಳಾಡಬ್ಯಾಡ್ರಿ ಮತ್ತ!”

ಬೆಣ್ಣೆಯಿಂದ ಕೂದಲೆಳೆದ ಹಾಗೆ ದಾರ ಬಂತು! ಆದರೆ ಮಾಸ್ತರರು ಮೂಗು ತುರಿಸಿಕೊಂಡರೂ ಹರಿಯಿತು, ಸೀನಿದರೂ ಹರಿಯಿತು.

“ಸಾಲ್ಯಾಗ ಹುಡುಗೂರ್ನ ಮೂಲ್ಯಾಗ ನಿಂದ್ರಸ್ತಿದ್ರಿ. ದೇವರು ಅದಾನ ನೋಡ್ರಿ!” ಅಂದ ಕನಕಪ್ಪ ಕಿಟಕಿಯಿಂದ.

“ಸುಮ್ನಿರಲೇ! ಎಲ್ಲಾ ಸಂಜೀ ಸಲುವಾಗಿ,” ಎಂದು ಮಾಸ್ತರರು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಅಂತೂ ಕುಬಸ ಆಯಿತು. ಕುಂದಗೋಳ ಸ್ಟೇಷನ್ನಿನಲ್ಲಿ ಗಾಡಿ ಹೊರಡುವಾಗ ಲೀಲಾಬಾಯಿ, “ಮನಿ ಕೀಲಿ ಫಕೀರವ್ವನ ಕಡೆ ಕೊಟ್ಟೀನ್ರಿ!” ಎಂದು ಕೂಗಿದಳು. ಕೊನೆಯ ಡಬ್ಬಿ ಕಣ್ಮರೆಯಾದ ಮೇಲೆ ಮಾಸ್ತರರು, “ಅಬ್ಬಾ, ಗೆದ್ದೆ!” ಎಂದು ಉಸಿರು ಬಿಟ್ಟರು. ಅದೇ ಖುಷಿಗೆ ಒಂದು ಪ್ಲೇಟು ಮಿರ್ಚಿಭಜಿ ತಿಂದು, ಚಹಾ ಕುಡಿದು, ಸಿಳ್ಳೆ ಹಾಕುತ್ತ ಮನೆಗೆ ಬಂದರು.

ಬಾಗಿಲು ತೆರೆದಿತ್ತು. ಒಳಗಿಂದ ಮಷಿನ್ನಿನ ಕಟಕಟ ಕೇಳುತ್ತಿತ್ತು. ಬಟ್ಟೆಯ ರಾಶಿಯ ನಡುವೆ ಫಕೀರವ್ವ ಕೂತಿದ್ದಳು. ಅವಳ ಹಿಂದೆ, ಕೋನು ಎತ್ತಿ ಹಿಡಿದು ನಿಂತವನು ಕನಕಪ್ಪ!

“ಬರ್ರಿ ಮಾಸ್ತರ,” ಅಂದಳು ಫಕೀರವ್ವ. “ಬಾಯಾರು ಬರೂತನಕ ಮಷಿನ್ ನನಗ ಕೊಟ್ಟಾರ. ನನ್ನ ಮೈದುನನ ಬೆಲ್‌ಬಾಟಮ್ ಹಿಡದು ಓಣಿ ಮಂದೀದೆಲ್ಲಾ ಹೊಲಿಯೂದೈತಿ. ಇವರ ತೋಳು ಸೋತಾವು. ಈಗ ನಿಮ್ಮ ಪಾಳಿ.”

“ಕೋನು ತಂಬಗ್ಯಾಗ ಇಟ್ಟು, ದಾರ ಮೊಳಿ ಮ್ಯಾಲಿಂದ ತಂದ್ರ ಸಾಕಂತ್ರಿ ಮಾಸ್ತರ!” ಕನಕಪ್ಪ ಅಳುಮೋರೆ ಮಾಡಿದ. “ಯಾರೂ ಹಿಡಿಯೂದ ಬ್ಯಾಡಂತ!”

“ಹಂಗಂತ ಯಾರು ಹೇಳಿದ್ರು?” ಮಾಸ್ತರರು ಕೇಳಿದರು.

“ಬಾಯಾರ ಹೇಳಿದ್ರು,” ಅಂದಳು ಫಕೀರವ್ವ. “ಹೇಳಿ, ಹಂಗ ಮಾತ್ರ ಮಾಡಬ್ಯಾಡ ಅಂದ್ರು. ಇಬ್ಬರ ಕೈ ಖಾಲಿ ಬಿಟ್ಟರ ಇಸ್ಪೀಟ ಎಲಿ ಹಿಡೀತಾವ, ನಾ ಬರೂತನಕ ಕೋನ ಹಿಡಸು ಅಂದ್ರು.”

ಮಾಸ್ತರರು ಕೋನು ತೆಗೆದುಕೊಂಡರು. ಅವರ ಮುಖ ನೋಡಿ ಫಕೀರವ್ವನಿಗೂ ಕರುಳು ಚುರುಕ್ಕೆಂದು, ಒಂದು ಸ್ಟೂಲು ಸರಿಸಿ ಕೊಟ್ಟಳು. “ಕುಂತ ಹಿಡೀರಿ.”

ಮಧ್ಯಾಹ್ನವೆಲ್ಲ ನಿಂತ ಕಾಲುಗಳಿಗೆ ಅಷ್ಟೇ ಸ್ವರ್ಗವಾಗಿತ್ತು. ಮಾಸ್ತರರು ಕೂತು, “ಅಬ್ಬಾ!” ಅಂದರು.