ಬ್ಯಾಡಗಿ ಮೆಣಸಿನಕಾಯಿ ಕೊಟ್ಟ ತೀರ್ಪು

"ಈ ಸಲ ಪಾಸಾಗಲಿಲ್ಲಂದ್ರ ನನ್ನ ವೀರೇಶ ಅಂತ ಕರೀಬ್ಯಾಡ್ರಿ!"

ಗುಡೂರು ಶಾಲೆಯ ಮಾಸ್ತರ ವೀರೇಶ ಇಳಕಲ್ಲಿನ ತನ್ನ ನಡುಮನೆಯಲ್ಲಿ ನಿಂತು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ, ಹೆಂಡತಿ ಅನುರಾಧಾ ಮಗ್ಗದಿಂದ ತಲೆಯನ್ನೇ ಎತ್ತಲಿಲ್ಲ.

"ನಾ ಯಾವತ್ತರ ನಿಮ್ಮ ಹೆಸರ ಹಿಡದ ಕರದೇನೇನ್ರಿ? ಹೋದ ಸಲಾನೂ ಹಿಂಗ ಅಂದಿದ್ರಿ."

ಎಂ.ಎ. ಇಂಗ್ಲಿಷಿನ ಉಳಿದೆಲ್ಲ ಪೇಪರು ಗೆದ್ದಿದ್ದ ಈ ವೀರನಿಗೆ ನಾಟಕದ ಪೇಪರೊಂದೇ ಚಕ್ರವ್ಯೂಹ. ಇದು ಕೊನೆಯ ಅವಕಾಶ. ತಪ್ಪಿದರೆ ಕಾಲೇಜಿನಲ್ಲಿ ಪಾಠ ಹೇಳುವ ಕನಸಿಗೆ ಎಳ್ಳುನೀರು! ನಾಟಕವಾದರೂ ಎಂಥದ್ದು? ಮುನ್ನೂರು ವರ್ಷದ ಹಿಂದೆ ಅಮೆರಿಕದ ಕಟ್ಟಾ ಮಡಿವಂತ ಕ್ರೈಸ್ತರ ಊರೊಂದರಲ್ಲಿ ಹುಡುಗಿಯರು ಕಿರುಚಾಡಿ ಕಂಡಕಂಡವರನ್ನೆಲ್ಲ ಮಾಟಗಾತಿ ಅನ್ನುತ್ತಾರೆ. ಒಪ್ಪಿಕೊಂಡವರಿಗೆ ಬಿಡುಗಡೆ, ಇಲ್ಲವೆಂದವರಿಗೆ ನೇಣು! ಸುಳ್ಳು ಒಪ್ಪಲಾರೆ ಎಂದು ನಾಯಕ ನೇಣಿಗೇರುತ್ತಾನೆ. ಅಲ್ಲಿಗೆ ಬಂದಾಗಲೆಲ್ಲ ವೀರೇಶನ ಎದೆ ಉಬ್ಬುತ್ತಿತ್ತು. ತಾನೂ ಅಂಥವನೇ ಎಂದು ಅವನಿಗೆ ಖಾತ್ರಿಯಿತ್ತು.

ಪರೀಕ್ಷೆಯ ದಿನ ಬಂತು. ಪೇಪರು ಮಧ್ಯಾಹ್ನ, ಬಾಗಲಕೋಟೆಯಲ್ಲಿ. ಹತ್ತೂವರೆ ಬಸ್ಸು ತಪ್ಪಿದರೆ ಕತೆ ಮುಗಿಯಿತು. ಹೊರಡುವ ಮುನ್ನ ಹುಡುಗಿಯರು ಕಿರುಚುವ ದೃಶ್ಯವನ್ನು ಒಮ್ಮೆ ಅಭಿನಯಿಸಿಬಿಡೋಣ ಎಂದು ವೀರೇಶ ಕಣ್ಣು ತಿರುಗಿಸಿ, ಕೈಕಾಲು ಬಡಿದು, ಇಂಗ್ಲಿಷಿನಲ್ಲಿ ಚೀರಿದ.

ಹಿತ್ತಲಿನಿಂದ ಬರುತ್ತಿದ್ದ ಅವ್ವ ಚಂದ್ರವ್ವನ ಕೈಯಿಂದ ಕೊಡ ಬಿತ್ತು.

"ಅಯ್ಯ ಶಿವನ! ನನ್ನ ಮಗಗ ಯಾರದೋ ಕಣ್ಣ ಬಡದೈತಿ!"

"ಅವ್ವಾ, ಇದು ನಾಟಕ! ಪರೀಕ್ಷಾಕ್ಕ ಐತಿ!"

"ಬಡದವ್ರೆಲ್ಲಾ ಹಿಂಗ ಅಂತಾರ. ಸುಮ್ನ ಕುಂದರ!"

ಬಾಗಿಲಿಗೆ ಚಿಲಕ ಬಿತ್ತು. ಚಂದ್ರವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕಾನೂನು ಎಲ್ಲರಿಗೂ ಗೊತ್ತಿದ್ದದ್ದೇ: ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ದೃಷ್ಟಿ ಖರೆ. ವೀರೇಶ ನಿಶ್ಚಿಂತನಾದ. ಇನ್ನೇನು ಮನೆಯೆಲ್ಲ ಸೀನುತ್ತದೆ, ತಾನು ಬಸ್ಸಿಗೆ ಓಡುವುದೇ!

ಒಬ್ಬರೂ ಸೀನಲಿಲ್ಲ.

ಸೀನುವುದೆಲ್ಲಿಂದ ಬಂತು? ಹೋದ ಸಂತೆಯಲ್ಲಿ ಬಣ್ಣಕ್ಕೆ ಮರುಳಾಗಿ, ಖಾರವೇ ಇಲ್ಲದ ಬ್ಯಾಡಗಿ ಮೆಣಸಿನಕಾಯಿ ಹೊತ್ತು ತಂದಿದ್ದ ಮಹಾನುಭಾವ ಅವನೇ!

ತೀರ್ಪಾಯಿತು, ಇನ್ನು ಅಪರಾಧಿ ಬೇಕಲ್ಲ? ಮೂಲೆಯಲ್ಲಿ ಮಗ್ಗದ ನೂಲು ಸುತ್ತುತ್ತಿದ್ದ ನೆರೆಮನೆಯ ಸಕ್ರವ್ವನ ಕಡೆ ಚಂದ್ರವ್ವ ತಿರುಗಿದಳು.

"ನಿನ್ನಿ 'ಏನ ಓದತಾನವ್ವಾ ನಿನ್ನ ಮಗ' ಅಂದಾಕಿ ನೀನ ಅಲ್ಲೇನ?"

"ನಾ ಬರೇ ಅಂದೆ! ಎದರಮನಿ ಗುರಪ್ಪ ದಿನಾ ಕಿಟಕ್ಯಾಗಿಂದ ನೋಡತಾನ, ಅವನ್ನ ಕೇಳ!"

ಗದ್ದಲ ಕೇಳಿ ಗುರಪ್ಪ ಆಗಲೇ ಕಿಟಕಿಗೆ ಹಾಜರಾಗಿದ್ದ. "ನಂದ್ಯಾಕವಾ? ಈ ಸಲ ಪಾಸಾಗೇ ಆಗ್ತಾರ ಅಂತ ಓಣಿಗೆಲ್ಲಾ ಹೇಳಿದಾಕಿ ನಿನ್ನ ಸೊಸಿ! ಮನಿ ಮಂದಿ ಕಣ್ಣ ಭಾಳ ಕೆಟ್ಟ!"

ಪುಸ್ತಕದಲ್ಲಿದ್ದ ನಾಟಕ ನಡುಮನೆಗೇ ಇಳಿದುಬಂದಿತ್ತು. ವೀರೇಶ ನಾಯಕನಂತೆ ಎದೆ ಸೆಟೆಸಿದ.

"ನನಗೇನೂ ಬಡದಿಲ್ಲ! ಪ್ರಾಣ ಹೋದ್ರೂ ಸುಳ್ಳ ಒಪ್ಪಂಗಿಲ್ಲ!"

"ಹಂಗಾರ ದೃಷ್ಟಿ ಇನ್ನೂ ಇಳದಿಲ್ಲ. ಇಳಿಯೂತನಾ ಹೊಸ್ತಲಾ ದಾಟಬ್ಯಾಡ," ಎಂದು ಚಂದ್ರವ್ವ ಬಾಗಿಲಿಗೆ ಅಡ್ಡ ಕುಳಿತಳು. "ಪರೀಕ್ಷಾ ನಾಳಿ ಬರದ್ರಾತು."

ನಾಳೆ! ಗೋಡೆ ಗಡಿಯಾರ ಹತ್ತು ಹೊಡೆಯಿತು. ಅನುರಾಧಾ ಲಾಳಿ ನಿಲ್ಲಿಸಿ ಮೆಲ್ಲಗೆ ಕೇಳಿದಳು.

"ನಿಮ್ಮ ನಾಟಕದಾಗ ಒಪ್ಪಿಕೊಂಡವ್ರನ್ನ ಬಿಟ್ಟಬಿಡತಾರ ಅಂದಿದ್ರಲ್ರಿ?"

ವೀರೇಶನ ಸತ್ಯನಿಷ್ಠೆ ಒಮ್ಮೆ ಗಡಿಯಾರ ನೋಡಿತು, ಒಮ್ಮೆ ಅವ್ವನನ್ನು ನೋಡಿತು. ಆಮೇಲೆ ನೆಲ ಕಚ್ಚಿತು.

"ಹೌದವ್ವಾ, ಬಡದಿತ್ತು! ಭಾಳ ಜೋರ ಬಡದಿತ್ತು! ಈಗ ಪೂರಾ ಇಳೀತು ನೋಡ, ಮೈ ಹಗರಾಗೇತಿ!"

"ನಾ ಹೇಳಲಿಲ್ಲೇನ!" ಚಂದ್ರವ್ವ ಕಣ್ಣೊರೆಸಿಕೊಂಡು ಚಿಲಕ ತೆಗೆದಳು. ವೀರೇಶ ಓಡಿದ ಓಟಕ್ಕೆ ಬಸ್ಸೇ ಬೆದರಿ ನಿಂತಿತು.

ಬಾಗಲಕೋಟೆಯಲ್ಲಿ ಪ್ರಶ್ನೆಪತ್ರಿಕೆ ತೆರೆದರೆ ಮೊದಲ ಪ್ರಶ್ನೆ: 'ನಾಯಕ ಪ್ರಾಣ ಕೊಟ್ಟನೇ ಹೊರತು ಸುಳ್ಳು ಒಪ್ಪಿಕೊಳ್ಳಲಿಲ್ಲ. ಚರ್ಚಿಸಿ.' ವೀರೇಶನ ಕಿವಿ ಕೆಂಪಾದವು. ತಲೆ ತಗ್ಗಿಸಿ, ನಾಯಕನನ್ನು ಹೊಗಳಿ ಹೊಗಳಿ ಬರೆದ.

ಪಾಸಾದ! ಚಂದ್ರವ್ವ ಓಣಿಗೆಲ್ಲ ಪೇಢೆ ಹಂಚಿದಳು. "ಓದಿದ್ದಕ್ಕ ಅಲ್ಲವ್ವಾ, ನಾ ದೃಷ್ಟಿ ತಗದಿದ್ದಕ್ಕ!"

ವೀರೇಶ ತನ್ನ ಪಾಲಿನ ಪೇಢೆಯನ್ನು ತಿನ್ನದೆ ಪಕ್ಕಕ್ಕಿಟ್ಟ. ಮಗ್ಗದ ಪಕ್ಕ ಕುಳಿತು ಹೆಂಡತಿಗೆ ಹೇಳಿದ. "ಅಂವ ನೇಣಿಗೇರಿದ. ನಾ ಒಂದ ಚಿಲಕಕ್ಕ ಸೋತೆ. ನಾಚಿಕಿ ಬರತೈತಿ ಅನೂ."

"ನಾಚಿಕಿ ಯಾಕ್ರಿ?" ಅನುರಾಧಾ ಈಗಲೂ ತಲೆ ಎತ್ತಲಿಲ್ಲ. "ಅಂವಗೇನು, ನೇಣಗಂಬಕ್ಕ ನಡಕೋಂತ ಹೋದ್ರ ಸಾಕಿತ್ತು. ಬಾಗಲಕೋಟಿ ಬಸ್ ಹಿಡಿಯೂದಿತ್ತೇನು?"