ಹುಣಸೆಹಣ್ಣು ಹಾಕಿ ತೊಳೆದ ಐಎಸ್‌ಒ

“ಇನ್ಮೇಲೆ ಈ ಮನೇಲಿ ಒಂದು ಸೂಜಿ ಬಿದ್ರೂ ಅಂತರರಾಷ್ಟ್ರೀಯ ಗುಣಮಟ್ಟದಾಗೇ ಬೀಳ್ಬೇಕು!” ಎಂದು ರುದ್ರಪ್ರಸಾದ್ ಘೋಷಿಸಿದಾಗ ಅವನ ಹೆಂಡತಿ ಸರ್ವಮಂಗಳ ಅವರೆಕಾಯಿ ಸುಲಿಯುತ್ತಿದ್ದಳು.

“ಬಿದ್ದ ಸೂಜಿನ ಎತ್ತೋರು ಯಾರು?” ಎಂದಳು, ತಲೆ ಎತ್ತದೆ.

ದೊಡ್ಡ ದೊಡ್ಡ ಘೋಷಣೆಗಳಿಗೆಲ್ಲ ಇಂಥದೊಂದು ಪುಟ್ಟ ಪ್ರಶ್ನೆ ಅಡ್ಡ ಬರುತ್ತದೆ. ರುದ್ರಪ್ರಸಾದ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಚನ್ನಪಟ್ಟಣದಲ್ಲಿ ಅವನದೊಂದು ಗೊಂಬೆ ಕಾರ್ಖಾನೆ. ಕಾರ್ಖಾನೆ ಎಂದರೆ ಮನೆಯ ಹಿಂದಿನ ತಗಡಿನ ಶೆಡ್ಡು, ಮರ ಕಡೆಯುವ ಆರು ಲೇತು, ಹದಿನಾಲ್ಕು ಜನ ಹೆಂಗಸರು, ಅವರೆಲ್ಲರ ಗುರು ವಾಸಿಂ ಸಾಬರು. ಆಲೆ ಎಂಬ ಮೆತ್ತನೆಯ ಮರವನ್ನು ಲೇತಿಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟರೆ ಗೊಂಬೆ ಸಿದ್ಧ. ಜರ್ಮನಿಯ ಕಂಪನಿಯೊಂದು ಇವರಿಂದ ಮರದ ಗೂಟಕ್ಕೆ ಉಂಗುರ ಪೋಣಿಸುವ ಆಟಿಕೆ ಕೊಳ್ಳುತ್ತಿತ್ತು. ಕಳೆದ ಸಲ ಅರ್ಧಕ್ಕರ್ಧ ಮಾಲು ವಾಪಸ್ಸು ಬಂತು. ಗೂಟ ದಪ್ಪ, ಉಂಗುರ ಬಿಗಿ. ಅಲ್ಲಿನ ಮಕ್ಕಳು ಅಳುತ್ತಿವೆ ಎಂದು ಕಂಪನಿಯವರು ಬರೆದಿದ್ದರು. ಜೊತೆಗೆ ಇನ್ನೊಂದು ಸಾಲು: ಈ ತಿಂಗಳೊಳಗೆ ಐಎಸ್‌ಒ ಗುಣಮಟ್ಟದ ಪ್ರಮಾಣಪತ್ರ ತೋರಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಆ ಸಾಲನ್ನು ರುದ್ರಪ್ರಸಾದ್ ಮೂರು ಸಲ ಓದಿದ. ಆ ಹದಿನಾಲ್ಕು ಜನರಲ್ಲಿ ಒಂಬತ್ತು ಜನರನ್ನು ಗಾರ್ಮೆಂಟ್ಸ್ ಕೆಲಸ ಬಿಡಿಸಿ ಕರೆತಂದವನು ಅವನೇ. “ವರ್ಷಪೂರ್ತಿ ಕೆಲಸ ಐತೆ, ನಾನಿವ್ನಿ” ಎಂದು ಎದೆ ತಟ್ಟಿಕೊಂಡಿದ್ದ. ಈಗ ಆರ್ಡರ್ ಹೋದರೆ ನಾಲ್ಕು ಲೇತು ನಿಲ್ಲುತ್ತವೆ. ಅವರ ಮುಖ ಹೇಗೆ ನೋಡುವುದು?

ಹಾಗಾಗಿ ರಾಮನಗರದಲ್ಲಿ ಟೈಪು ಮಾಡಿಸಿಕೊಂಡು ಬಂದ ಹನ್ನೊಂದು ಫೈಲು! ಈ ಗುಣಮಟ್ಟದ ಸಾರ ಬಹಳ ಸರಳ. ಮಾಡುವುದನ್ನು ಬರೆ, ಬರೆದದ್ದನ್ನು ಮಾಡು, ತಪ್ಪಿದರೆ ಅದನ್ನೂ ಬರೆದು ತಿದ್ದಿಕೊ. ಹೀಗಿದ್ದರೆ ಯಾರು ಮಾಡಲಿ, ಯಾವತ್ತು ಮಾಡಲಿ, ಉಂಗುರ ಗೂಟಕ್ಕೆ ಇಳಿಯುತ್ತದೆ. ರುದ್ರಪ್ರಸಾದ್ ಇದರಲ್ಲಿ ಬರೆಯುವ ಭಾಗವನ್ನು ಮಾತ್ರ ಅಮೋಘವಾಗಿ ಮುಗಿಸಿದ್ದ, ಅದೂ ಬೇರೆಯವರ ಕೈಯಿಂದ.

ತಪಾಸಣೆಯ ದಿನ ಬಂತು. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬೆಂಗಳೂರಿನ ತಪಾಸಣಾಧಿಕಾರಿ ಭಾನುಪ್ರಿಯ ಅವರ ಫೋನು. “ಬಿಡದಿ ದಾಟಿದ್ದೀವಿ.”

ಇಸ್ತ್ರಿ ಅಂಗಿ ತೊಟ್ಟು, ಮದುಮಗನ ಗತ್ತಿನಲ್ಲಿ ರುದ್ರಪ್ರಸಾದ್ ಶೆಡ್ಡಿಗೆ ಹೋದ. ಊದುಬತ್ತಿ ಘಮಘಮ. ಲೇತುಗಳಿಗೆ ಹೂವು. ಮೇಜಿನ ಮೇಲೆ ಬಾಳೆ ಎಲೆ. ಎಲೆಯ ಮೇಲೆ ಮೂರು ವರ್ನಿಯರ್, ಅಂದರೆ ಉಕ್ಕಿನ ದವಡೆಯಲ್ಲಿ ಗೂಟವನ್ನು ಕಚ್ಚಿ ಹಿಡಿದು ದಪ್ಪ ಹೇಳುವ ಅಳತೆಯ ಉಪಕರಣಗಳು. ಮೂರೂ ಫಳಫಳ ಹೊಳೆಯುತ್ತಿವೆ. ಮೂರಕ್ಕೂ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ.

ಅವನು ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ.

“ಲೇ, ಇದರ ಮೇಲಿದ್ದ ಸ್ಟಿಕ್ಕರ್ ಎಲ್ಲೇ?”

“ಅದಾ?” ಸರ್ವಮಂಗಳ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಹುಣಸೆಹಣ್ಣು ಹಾಕಿ ಉಜ್ಜಿದೆ, ಹೋಗ್ಲಿಲ್ಲ. ಹಾಳಾದ್ದು ಅಂಟು! ಆಮ್ಯಾಕೆ ಬ್ಲೇಡ್ ತಕೊಂಡು ಕೆರೆದೆ. ಪೂಜೆ ಮಾಡೋ ಸಾಮಾನಿಗೆ ಕಾಗದ ಮೆತ್ಕೊಂಡಿದ್ರೆ ಚೆಂದಾಗಿರ್ತದಾ?”

ಪಾಪ, ಅವಳದೇನು ತಪ್ಪು! ಈ ಊರಲ್ಲಿ ದೊಡ್ಡ ಕೆಲಸ ಹಿಡಿಯುವ ಮುಂಚೆ ಉಪಕರಣ ತೊಳೆದು ಪೂಜೆ ಮಾಡದ ಮನೆ ಯಾವುದಿದೆ? ಆದರೆ ಆ ಕಾಗದವೇ ವರ್ನಿಯರ್‌ಗಳ ಜಾತಕ. ಮೂರನ್ನೂ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದ್ದರು. ಎರಡು ಪಾಸು, ಹಸಿರು ಸ್ಟಿಕ್ಕರ್. ಒಂದು ಹಿಂದೆಂದೋ ನೆಲಕ್ಕೆ ಬಿದ್ದು ಕೆಟ್ಟು ಕೂತಿತ್ತು, ಅದಕ್ಕೆ ‘ಬಳಸಬೇಡಿ’ ಎಂಬ ಕೆಂಪು ಸ್ಟಿಕ್ಕರ್. ಮೂರೂ ಒಂದೇ ಅಂಗಡಿಯ ಅಗ್ಗದ ಮಾಲು. ಮೈಮೇಲೆ ನಂಬರೂ ಇಲ್ಲ. ಈಗ ಯಾವುದು ಸತ್ಯವಂತ, ಯಾವುದು ಸುಳ್ಳ ಎಂದು ಹೇಳುವವರು ಯಾರು?

ಫೋನು ಹೊಡೆದುಕೊಂಡಿತು. “ರಾಮನಗರದಲ್ಲಿ ಇದ್ದೀವಿ.”

“ಹೇಳ್ಬುಡಾನ ಕಣ್ರೀ,” ಎಂದಳು ಸರ್ವಮಂಗಳ, ವಿಷಯ ತಿಳಿದು ಮುಖ ಸಣ್ಣದು ಮಾಡಿಕೊಂಡು. “ತೊಳೆದೋಳು ನಾನು. ನಾನೇ ಹೇಳ್ತೀನಿ.”

“ನೀನು ಬಾಯಿ ತೆಗೆದ್ರೆ ಹದಿನಾಲ್ಕು ಜನದ ಅನ್ನ ಹೋಯ್ತದೆ! ಸುಮ್ಕೆ ಒಳೀಕ್ ಹೋಗು!”

ಅವಳು ಸುಮ್ಮನೆ ಒಳಗೆ ಹೋದಳು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಸುಮ್ಮನೆ ಒಳಗೆ ಹೋದದ್ದು ಯಾವತ್ತೂ ಒಳ್ಳೆಯ ಲಕ್ಷಣವಾಗಿರಲಿಲ್ಲ.

ಮತ್ತೆ ಫೋನು. “ಕೆಂಗಲ್ ಹತ್ರ ಇದ್ದೀವಿ. ಹನುಮಂತರಾಯನಿಗೆ ಕೈ ಮುಗಿದು ಬರ್ತೀನಿ, ಹತ್ತು ನಿಮಿಷ ತಡ.”

ಹತ್ತು ನಿಮಿಷ! ಆಂಜನೇಯನೇ ಕರುಣಿಸಿದ ಹತ್ತು ನಿಮಿಷವನ್ನು ರುದ್ರಪ್ರಸಾದ್ ಪಾಪಕಾರ್ಯಕ್ಕೆ ಬಳಸಿಕೊಂಡ. ಡ್ರಾಯರ್‌ನಲ್ಲಿ ಖಾಲಿ ಸ್ಟಿಕ್ಕರ್ ಉಳಿದಿದ್ದವು. ವಿಭೂತಿ ಒರೆಸುವ ಮುಂಚೆ ಮೂರನ್ನೂ ದಿಟ್ಟಿಸಿದ. ನಡುವಿನದರ ಕುಂಕುಮ ಸ್ವಲ್ಪ ಜಾರಿತ್ತು. ಕಳ್ಳನ ಮುಖ ಹೀಗೇ ಇರುವುದು ಎಂದು ತೀರ್ಮಾನಿಸಿ ಅದಕ್ಕೆ ಕೆಂಪು ಅಂಟಿಸಿದ. ಉಳಿದೆರಡಕ್ಕೆ ಹಸಿರು. ಆ ಅವಸರದಲ್ಲಿ ಒಂದು ಹಸಿರು ಅವನ ಹೆಬ್ಬೆಟ್ಟಿಗೇ ಅಂಟಿಕೊಂಡು ಅವನೂ ಪಾಸಾಗಿಬಿಟ್ಟ!

“ಸಾಹೇಬ್ರೇ, ಇದು ಒಸಿ ಸರಿ ಕಾಣಾಕಿಲ್ಲ,” ಎಂದರು ವಾಸಿಂ ಸಾಬರು.

“ನೀವು ಲೇತು ನೋಡ್ಕಳಿ ಸಾಬ್ರೇ!”

ಭಾನುಪ್ರಿಯ ಬಂದರು. ಸಾದಾ ಹತ್ತಿ ಸೀರೆ, ಹೆಗಲಿಗೆ ಚೀಲ, ಹಣೆಯಲ್ಲಿ ಆಂಜನೇಯನ ಸಿಂಧೂರ. ನಗಲೂ ಇಲ್ಲ, ಗದರಲೂ ಇಲ್ಲ. ಕೊಟ್ಟ ಎಳನೀರನ್ನು ಪಕ್ಕಕ್ಕಿಟ್ಟು ಫೈಲು ಬಿಡಿಸಿದರು. ಒಂದು ಫೈಲು, ಎರಡು ಫೈಲು, ಐದು ಫೈಲು. ಅವರು ಹಾಳೆ ಮಗುಚಿದಾಗಲೆಲ್ಲ ರುದ್ರಪ್ರಸಾದನ ಬೆನ್ನಿನಲ್ಲಿ ಬೆವರು ಒಂದೊಂದು ಗೇಣು ಕೆಳಗಿಳಿಯುತ್ತಿತ್ತು. ಹೆಂಗಸರು ಅರಗು ಒತ್ತುತ್ತ ಓರೆಗಣ್ಣಿನಲ್ಲಿ ಇವನ ಮುಖವನ್ನೇ ನೋಡುತ್ತಿದ್ದರು.

ಕೊನೆಗೆ ಭಾನುಪ್ರಿಯ ಮೇಜಿನ ಬಳಿ ನಿಂತರು. ಮೂರು ವರ್ನಿಯರ್‌ಗಳನ್ನೂ ನೋಡಿದರು. ಒಂದನ್ನು ಎತ್ತಿ ಮೂಸಿದರು!

“ವಾಸಿಂ ಸಾಬ್, ಒಂದು ಗೂಟ ತಗೊಳ್ಳಿ. ಅದೇ ಗೂಟವನ್ನ ಮೂರರಲ್ಲೂ ಅಳೀರಿ.”

ರುದ್ರಪ್ರಸಾದ್ ಹಣೆ ಮುಟ್ಟಿಕೊಂಡ. ಅಯ್ಯೋ, ಎಷ್ಟು ಸುಲಭದ ಉಪಾಯ! ಮೂರರಲ್ಲಿ ಬೇರೆ ಮಾತಾಡುವುದೇ ಸುಳ್ಳ. ಎರಡು ನಿಮಿಷದ ಕೆಲಸ. ಕುಂಕುಮದ ಮುಖ ನೋಡಿ ನ್ಯಾಯ ತೀರಿಸುವ ಬದಲು ಇದನ್ನೇ ಮಾಡಬಹುದಿತ್ತಲ್ಲ!

“ಹಸಿರು, ಹನ್ನೆರಡು ಮಿಲಿಮೀಟರ್,” ಎಂದರು ಸಾಬರು. “ಕೆಂಪು... ಹನ್ನೆರಡು.” ಮೂರನೆಯದನ್ನು ಹಿಡಿದು ಎರಡೆರಡು ಸಲ ನೋಡಿದರು. “ಹಸಿರು, ಹನ್ನೊಂದೂವರೆ.”

ಲೇತುಗಳು ಒಂದೊಂದಾಗಿ ನಿಂತವು.

“ಸರಿಯಾದದ್ದಕ್ಕೆ ಕೆಂಪು, ಕೆಟ್ಟದ್ದಕ್ಕೆ ಹಸಿರು,” ಎಂದರು ಭಾನುಪ್ರಿಯ. “ಇದನ್ನ ನಂಬಿ ಗೂಟ ಮಾಡಿದ್ರೆ ಎಲ್ಲಾ ಅರ್ಧ ಮಿಲಿಮೀಟರ್ ದಪ್ಪ. ಮತ್ತೆ ಮಾಲು ವಾಪಸ್. ಯಾರು ಅಂಟಿಸಿದ್ದು?”

“ಅದು... ಹವಾಮಾನ ಮೇಡಂ. ಸೆಕೆಗೆ ಅಂಟು ಬಿಟ್ಕೊಂಡು...”

“ಸೆಕೆಗೆ ಸ್ಟಿಕ್ಕರ್ ಎದ್ದು ಇದರಿಂದ ಅದಕ್ಕೆ ನಡ್ಕೊಂಡು ಹೋಯ್ತಾ?”

ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಭಾನುಪ್ರಿಯ ನಗಲಿಲ್ಲ. “ತಪ್ಪುಗಳ ದಾಖಲೆ ಪುಸ್ತಕ ಕೊಡಿ.”

ಇದೊಂದು ಪುಸ್ತಕದ ಬಗ್ಗೆ ರುದ್ರಪ್ರಸಾದನಿಗೆ ಧೈರ್ಯವಿತ್ತು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ತಪ್ಪೇ ಇಲ್ಲದ ಕಾರ್ಖಾನೆ! ಎರಡೂ ಕೈಯಲ್ಲಿ ಪ್ರಸಾದದಂತೆ ಒಪ್ಪಿಸಿದ.

ಭಾನುಪ್ರಿಯ ಪುಸ್ತಕ ತೆರೆದು, ಕನ್ನಡಕ ಸರಿಪಡಿಸಿಕೊಂಡು, ಗಟ್ಟಿಯಾಗಿ ಓದಿದರು:

“‘ಬೆಳಿಗ್ಗೆ ಒಂಬತ್ತು ನಲವತ್ತು. ಪೂಜೆಗೆಂದು ಮೂರು ವರ್ನಿಯರ್ ತೊಳೆದು ಸ್ಟಿಕ್ಕರ್ ಕೆರೆದಿದ್ದೇನೆ. ಯಾವುದು ಕೆಟ್ಟದ್ದೋ ತಿಳಿಯುತ್ತಿಲ್ಲ. ಮೂರನ್ನೂ ಯಾರೂ ಬಳಸಬಾರದು. ಸರ್ವಮಂಗಳ.’”

ರುದ್ರಪ್ರಸಾದ್ ಪುಸ್ತಕದೊಳಗೆ ಬಗ್ಗಿ ನೋಡಿದ.

“‘ಒಂಬತ್ತು ಐವತ್ತೆರಡು,’” ಭಾನುಪ್ರಿಯ ಮುಂದುವರಿಸಿದರು. “‘ನಮ್ಮ ಯಜಮಾನರು ಅಂದಾಜಿನ ಮೇಲೆ ಸ್ಟಿಕ್ಕರ್ ಅಂಟಿಸುತ್ತಿದ್ದಾರೆ. ಕಿಟಕಿಯಿಂದ ನೋಡಿದ್ದೇನೆ. ಬೇಡವೆಂದು ಮೊದಲೇ ಹೇಳಿದೆ. ಕೇಳಲಿಲ್ಲ. ಸರ್ವಮಂಗಳ.’”

ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ಸರ್ವಮಂಗಳ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ತುಂಬಿತ್ತು. “ಹೊಟ್ಟೇಲಿ ಇಟ್ಕೊಳ್ಳಾಕೆ ಆಗ್ನಿಲ್ಲ ಮೇಡಂ. ಒಳಗೆ ಫೈಲಿನ ಜೊತೆ ಆ ಪುಸ್ತಕ ಖಾಲಿ ಇತ್ತು, ಬರೆದ್ಬುಟ್ಟೆ.”

ಭಾನುಪ್ರಿಯ ಪುಸ್ತಕ ಮುಚ್ಚಿದರು. ಮಾತಾಡಿದಾಗ ಅವರ ಭಾಷೆಯೇ ಬೇರೆಯಾಗಿತ್ತು. “ನಾನು ಇಲ್ಲೇ ಪಕ್ಕದ ಅಕ್ಕೂರೋಳು ಕಣಮ್ಮ. ನಮ್ಮವ್ವನೂ ಎಲ್ಲಾನೂ ಹುಣಸೆಹಣ್ಣಾಗೇ ತೊಳೀತಿದ್ಲು, ವಾಸ್ನೆ ಮ್ಯಾಲೇ ಗೊತ್ತಾಯ್ತು.” ಆಮೇಲೆ ರುದ್ರಪ್ರಸಾದನ ಕಡೆ ತಿರುಗಿ ಮತ್ತೆ ಅಧಿಕಾರಿಯಾದರು. “ಹನ್ನೊಂದು ಫೈಲಿನಲ್ಲಿ ಸಮಯ, ಸಹಿ, ಸತ್ಯ ಮೂರೂ ಇರೋದು ಈ ಒಂದು ಹಾಳೆಯಲ್ಲಿ. ಇಂಥವರು ಒಬ್ಬರಿದ್ರೆ ತಪ್ಪು ತಿದ್ಕೊಳ್ಳಬಹುದು. ವರ್ನಿಯರ್‌ಗಳನ್ನ ಮತ್ತೆ ಪರೀಕ್ಷೆಗೆ ಕಳಿಸಿ. ಈ ತಪ್ಪಿನ ಮೂಲ ಕಾರಣ ನೀವು ಹೇಳಬೇಕು, ಇಲ್ಲೇ, ಇವರೆಲ್ಲರ ಎದುರಿಗೆ. ನಿಜ ಹೇಳಿದ್ರೆ ಪ್ರಮಾಣಪತ್ರಕ್ಕೆ ಶಿಫಾರಸು. ಇನ್ನೊಂದು ಸಲ ಹವಾಮಾನ ಅಂದ್ರೆ ನಾನು ಹೊರಟೆ.”

ಹದಿನಾಲ್ಕು ಜೊತೆ ಕಣ್ಣು ಅವನ ಮೇಲೆ.

“ಸ್ಟಿಕ್ಕರ್ ಯಾಕೆ ಹೋಯ್ತು?”

“ತೊಳೆದ್ರು ಮೇಡಂ.”

“ಯಾಕೆ ತೊಳೆದ್ರು?”

“ಕೆರೀಬಾರ್ದು ಅಂತ ಗೊತ್ತಿರ್ಲಿಲ್ಲ.”

“ಯಾಕೆ ಗೊತ್ತಿರಲಿಲ್ಲ? ಎಲ್ಲರಿಗೂ ತರಬೇತಿ ಆಗಿದೆ ಅಂತ ಫೈಲಿದೆಯಲ್ಲ. ಹೋದ ತಿಂಗಳು ಹನ್ನೆರಡನೇ ತಾರೀಕು, ಇವರ ಸಹಿ ಸಮೇತ.”

“ಹನ್ನೆರಡಕ್ಕಾ?” ಎಂದಳು ಸರ್ವಮಂಗಳ. “ಆವತ್ತು ನಾನು ಮಾಗಡೀಲಿದ್ದೆ, ನಮ್ಮಕ್ಕನ ಮನೇಲಿ. ಬಸ್ಸಲ್ಲಿ ನಿಂತ್ಕೊಂಡೇ ಹೋಗಿದ್ನಲ್ರೀ!”

“ಯಾಕೆ ತರಬೇತಿ ಕೊಡಲಿಲ್ಲ?” ಭಾನುಪ್ರಿಯರ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

“ಇವಳು ಪ್ರಶ್ನೆ ಕೇಳ್ತಾಳೆ ಮೇಡಂ,” ಎಂದ ರುದ್ರಪ್ರಸಾದ್, ನೆಲ ನೋಡುತ್ತ. “ಯಾಕೆ, ಏನು, ಎತ್ತೋರು ಯಾರು ಅಂತ.”

“ಕೇಳಲಿ. ಉತ್ತರ ಯಾಕೆ ಹೇಳಬಾರದಿತ್ತು?”

ರುದ್ರಪ್ರಸಾದ್ ಗಾರ್ಮೆಂಟ್ಸ್ ಬಿಟ್ಟು ಬಂದ ಆ ಒಂಬತ್ತು ಮುಖ ನೋಡಿದ. ಇನ್ನು ಸುಳ್ಳಿಗೆ ಜಾಗವಿರಲಿಲ್ಲ.

“ನನಗೇ ಗೊತ್ತಿಲ್ಲ ಮೇಡಂ. ಟೈಪು ಮಾಡಿಸ್ದೆ, ಇವಳ ಸಹೀನೂ ನಾನೇ ಹಾಕ್ದೆ. ಆ ಫೈಲು ಒಂದನ್ನೂ ನಾನು ಓದೇ ಇಲ್ಲ! ತಪ್ಪೆಲ್ಲಾ ನಂದೇ.”

ಭಾನುಪ್ರಿಯ ಅಷ್ಟನ್ನೂ ಬರೆದುಕೊಂಡರು. ಕೆಳಗೆ ‘ಶಿಫಾರಸು ಮಾಡಲಾಗಿದೆ’ ಎಂದು ಬರೆದು, ಆರಿಹೋದ ದೀಪದಂತಿದ್ದ ರುದ್ರಪ್ರಸಾದನ ಮುಂದೆ ಹಾಳೆ ಹಿಡಿದರು. ವಾಸಿಂ ಸಾಬರು ಲೇತು ಚಾಲೂ ಮಾಡಿದರು. ಹೆಂಗಸರು ಒಮ್ಮೆಲೇ ಮಾತಿಗೆ ಶುರುವಿಟ್ಟರು. ಅವನು ಸಹಿ ಹಾಕಲು ಪೆನ್ನು ಎತ್ತಿದಾಗ ಸರ್ವಮಂಗಳ ಓಡಿಬಂದು ತಡೆದಳು.

“ಒಸಿ ತಡೀರಿ ಮೇಡಂ, ಗಂಟೆ, ತಾರೀಕು ಹಾಕ್ಬುಟ್ಟು ನಂಗೂ ಒಂದು ಕಾಪಿ ಕೊಡಿ. ಹತ್ತೊಂಬತ್ತು ವರ್ಷದಾಗೆ ಇವ್ರು ತಪ್ಪು ಒಪ್ಕೊಂಡಿರೋದು ಇದೇ ಮೊದ್ಲು!”